ಒಡೆಯಬೇಕಾದ ಜಾಗ

ಬೆಳಿಗ್ಗೆ ಎದ್ದವಳೇ ಸುಭಾಷಿಣಿ ಕಿಟಕಿಯ ಹೊರಗೆ ನೋಡಿದಳು. ಮಳೆ ಬರುವ ಲಕ್ಷಣ ಎಲ್ಲಿಯೂ ಇರಲಿಲ್ಲ. ಮಳೆ ಬಂದಿದ್ದರೆ ಕಾರ್ಕಳದ ಕಲ್ಲುಕೋರೆಗೆ ಹೋಗುವ ಮಣ್ಣಿನ ದಾರಿ ಕೆಸರಾಗುತ್ತಿತ್ತು, ಯಂತ್ರದ ಪರೀಕ್ಷೆ ನೋಡಲು ಬೆಂಗಳೂರಿನಿಂದ ಬಂದವರು ಮಣಿಪಾಲದ ಹೋಟೆಲಿನಲ್ಲೇ ಕುಳಿತಿರುತ್ತಿದ್ದರು, ಪರೀಕ್ಷೆ ಮುಂದೆ ಹೋಗುತ್ತಿತ್ತು. ಮುಂದೆ ಹೋದರೆ ಏನು ಬಂತು, ಇದೇ ಬೆಳಗು ಇನ್ನೊಂದು ದಿನ ಬರುತ್ತದೆ ಎಂದು ಅವಳಿಗೂ ಗೊತ್ತಿತ್ತು. ಆದರೂ ತನ್ನೂರು ಕಾಪುವಿನ ಮೇಲಿದ್ದ ಆ ನವೆಂಬರಿನ ಬೋಳು ಆಕಾಶದ ಮೇಲೆ ಸಿಟ್ಟು ಬಂತು. ಅಡುಗೆಮನೆಗೆ ಹೋಗಿ ಚಟ್ನಿಗೆ ಕಾಯಿ ಹಾಕಿ ಮಿಕ್ಸಿ ತಿರುಗಿಸಿದಳು. ಗುರ್ ಎಂದು ಹೊರಟ ಸದ್ದು ಏರುತ್ತ ಏರುತ್ತ ಕೀಚಲಾಗಿ, ಇನ್ನು ಏರಲಾರದು ಅನ್ನಿಸಿದಲ್ಲಿಂದ ಮತ್ತೂ ಸ್ವಲ್ಪ ಏರಿದಾಗ ಅವಳ ಕೈ ತಾನಾಗಿ ಗೋಡೆಯ ಸ್ವಿಚ್ಚಿಗೆ ಹೋಯಿತು. ಮುಚ್ಚಳ ತೆಗೆದರೆ ಕಾಯಿ ಇನ್ನೂ ತರಿತರಿಯಾಗಿಯೇ ಇತ್ತು.

ಅವಳ ಗಂಡ ಅನಂತೇಶ ಉಡುಪಿಯ ಕಾಲೇಜೊಂದರಲ್ಲಿ ವಾಣಿಜ್ಯ ಕಲಿಸುವವನು. ದೋಸೆಯ ತುಂಡನ್ನು ಆ ಚಟ್ನಿಯಲ್ಲಿ ಹೊರಳಿಸುತ್ತ, "ಈಗ ನನಗೆ ಇದೇ ರುಚಿಯಾಗಿದೆ ಮಾರಾಯ್ತಿ, ನುಣ್ಣಗಿನ ಚಟ್ನಿ ಹೇಗಿರ್ತದೆ ಅಂತ ಮರೆತೇ ಹೋಗಿದೆ" ಎಂದ. ಅವಳು ನಗಲಿಲ್ಲ. ಅವನು ದನಿ ಮೆತ್ತಗೆ ಮಾಡಿ, "ಇವತ್ತೊಂದು ಆಗಿಹೋಗಲಿ, ಸುಭಾ. ನೀನು ಇಷ್ಟು ತಲೆಗೆ ಹಚ್ಚಿಕೊಳ್ಳುವಂಥದ್ದು ಎಂತ ಉಂಟು? ಆಗ ಯಾರಿಗೂ ಏನೂ ಆಗಲಿಲ್ಲ ಅಲ್ವಾ?" ಎಂದ.

ಯಾರಿಗೂ ಏನೂ ಆಗಲಿಲ್ಲ. ಜೂನ್ ತಿಂಗಳಿನಿಂದ ಅವಳು ಕೇಳುತ್ತಿದ್ದದ್ದು ಇದನ್ನೇ. ಆಫೀಸಿನವರು ಹೇಳಿದ್ದರು, ಅವಳ ಅಕ್ಕ ಹೇಳಿದ್ದಳು, ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಅವಳ ಮೇಲಧಿಕಾರಿ ಜನಾರ್ದನ ಸರ್ ಹೇಳಿದ್ದರು. ಏನಾದರೂ ಆಗಿದ್ದರೆ ತಾನು ಯಾರ ಮನೆಗೆ ಹೋಗಬೇಕು, ಯಾರ ಎದುರು ತಲೆ ತಗ್ಗಿಸಬೇಕು ಎಂಬುದಾದರೂ ತಿಳಿಯುತ್ತಿತ್ತಲ್ಲ ಎಂಬ ಯೋಚನೆ ಒಮ್ಮೊಮ್ಮೆ ಬರುತ್ತಿತ್ತು. ಬಂದ ಕೂಡಲೇ ಬಿಸಿ ಪಾತ್ರೆ ಮುಟ್ಟಿದವಳಂತೆ ಅದರಿಂದ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದಳು.

ಮಣಿಪಾಲದ ಕೈಗಾರಿಕಾ ಪ್ರದೇಶದಲ್ಲಿ ಅವರದೊಂದು ಸಣ್ಣ ಕಂಪೆನಿ. ವಿಮಾನದ ಬಾಲದೊಳಗೆ ಒಂದು ಚಿಕ್ಕ ಎಂಜಿನ್ ಇರುತ್ತದೆ. ದೊಡ್ಡ ಎಂಜಿನ್ನುಗಳು ನಿಂತಿರುವಾಗ ದೀಪಕ್ಕೂ ಗಾಳಿಗೂ ಅದೇ ಆಧಾರ. ಅದನ್ನು ಎಬ್ಬಿಸಲು ಬ್ಯಾಟರಿ ಸಾಕು. ಆದರೆ ಹಿಮದ ಬೆಟ್ಟಗಳ ನಡುವಿನ ನಿಲ್ದಾಣಗಳಲ್ಲಿ ಚಳಿಗೆ ಬ್ಯಾಟರಿಯೇ ಸೋತು ಮಲಗಿದಾಗ ಅದನ್ನು ಎಬ್ಬಿಸುವುದು ಹೇಗೆ? ಅದಕ್ಕೆ ಇವರು ಮಾಡುತ್ತಿದ್ದದ್ದು ಬಿಸಿ ಅನಿಲದ ಸ್ಟಾರ್ಟರ್. ಒಂದು ಡಬ್ಬಿಯೊಳಗೆ ಇಂಧನ ಉರಿಯುತ್ತದೆ. ಕೆಂಡದಂಥ ಅನಿಲ ಸಣ್ಣ ಬಾಯಿಗಳಿಂದ ನುಗ್ಗಿ ಅಂಗೈಯಗಲದ ಚಕ್ರವೊಂದರ ಬ್ಲೇಡುಗಳಿಗೆ ಬಡಿಯುತ್ತದೆ. ಚಕ್ರ ತಿರುಗಿ, ಗೇರುಗಳ ಮೂಲಕ ಆ ಎಂಜಿನ್ನನ್ನು ಎಬ್ಬಿಸಿ, ಅದು ಎದ್ದ ಕೂಡಲೇ ಕೈಬಿಟ್ಟು ಸುಮ್ಮನಾಗಬೇಕು. ಕೆಲವೇ ಉಸಿರುಗಳ ಕೆಲಸ. ಆ ಚಕ್ರ, ಅದರ ಸುತ್ತಲಿನ ಉಕ್ಕಿನ ಬಳೆ, ಎರಡೂ ಸುಭಾಷಿಣಿಯವು. ಬಳೆಯ ತೂಕ ಇಳಿಸಿ ಎಂದವರು ಜನಾರ್ದನ ಸರ್. ಇಳಿಸಿದ್ದು ಅವಳು. ವಿಮಾನಕ್ಕೆ ಹೋಗುವ ವಸ್ತುವನ್ನು ಹಗುರ ಮಾಡುವುದು ಜಾಣತನವೆಂದು ಅವಳೂ ನಂಬಿದ್ದಳು. ಇಳಿಸಿದ ದಿನ ಸಂಜೆ ಖುಷಿಯಾಗಿ ಕಾಪು ಬೀಚಿನಲ್ಲಿ ಐಸ್‌ಕ್ರೀಂ ತಿಂದದ್ದು ಈಗಲೂ ನೆನಪಿದೆ.

ಜೂನಿನಲ್ಲಿ ಕಲ್ಲುಕೋರೆಯ ಶೆಡ್ಡಿನಲ್ಲಿ ನಡೆದ ಪರೀಕ್ಷೆಯಲ್ಲಿ ಚಕ್ರಕ್ಕೂ ಗೇರಿಗೂ ನಡುವಿನ ಕೊಂಡಿ ಮುರಿಯಿತು. ತಿರುಗಿಸಲು ಏನೂ ಇಲ್ಲದ ಚಕ್ರ ಹುಚ್ಚು ಹಿಡಿದಂತೆ ಓಡಿ ನಡುವಿನಲ್ಲೇ ಸೀಳಿತು. ಒಂದು ತುಂಡು ಬಳೆಯನ್ನೂ ಹೊರಕವಚವನ್ನೂ ಹರಿದು, ಇಟ್ಟಿಗೆ ಗೋಡೆ ದಾಟಿ, ಪಕ್ಕದ ಕೋಣೆಯಲ್ಲಿ ಪರೀಕ್ಷೆ ನಡೆಸುವವನು ಕೂರುವ ಕುರ್ಚಿಯ ಬೆನ್ನನ್ನು ತೂರಿಕೊಂಡು ಹೋಯಿತು. ಆ ಕುರ್ಚಿ ಕ್ಲಾರೆನ್ಸನದು. ಅವನು ಆಗಷ್ಟೇ ಎದ್ದು ಬಾಗಿಲ ಹೊರಗೆ ನಿಂತಿದ್ದ. ಆ ದಿನ ಸುಭಾಷಿಣಿ ಮನೆಗೆ ಬಂದು ಅನ್ನ ಸಾರು ಉಂಡು ಮಲಗಿದಳು, ಒಳ್ಳೆಯ ನಿದ್ರೆಯೂ ಬಂತು. ಮರುದಿನ ಶೆಡ್ಡಿಗೆ ಹೋದಾಗ ಕುರ್ಚಿಯ ತೂತಿನಿಂದ ಹಳದಿ ಸ್ಪಂಜು ಹೊರಗೆ ಬಂದಿದ್ದನ್ನು ಕಂಡಳು. ಅಲ್ಲಿಂದ ಎಲ್ಲ ಶುರುವಾಯಿತು.

ಕಾರನ್ನು ಆಫೀಸಿನ ಗೇಟಿನ ಒಳಗೆ ತರುವಾಗ ಕ್ಲಾರೆನ್ಸ್ ಮೆಟ್ಟಿಲಲ್ಲಿ ನಿಂತು ಇಬ್ಬರು ಹೊಸ ಹುಡುಗಿಯರಿಗೆ ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದ. ಏನೆಂದು ಅವಳಿಗೆ ಕೇಳದೆಯೇ ಗೊತ್ತಿತ್ತು. "ಇಲ್ಲಿ ಮಿಷನ್ ಕಿರುಚ್ತಾ ಉಂಟು, ಅಲ್ಲಿ ಅಮ್ಮನ ಫೋನು. ಬರುವಾಗ ಮೀನು ಯಾವುದು, ಬಂಗುಡೆ ತರ್ತೀಯಾ ಬೂತಾಯಿ ತರ್ತೀಯಾ ಅಂತ. ಕೇಳುವುದಿಲ್ಲ ಅಮ್ಮಾ ಅಂತ ನಾನು ಹೊರಗೆ ಬಂದೆ. ಬೂತಾಯಿ ಅಂತ ಹೇಳಿದೆ ನೋಡಿ, ಹಿಂದಿನಿಂದ ಢಂ! ನನ್ನ ಜೀವ ಉಳಿಸಿದ್ದು ದೇವರಲ್ಲ, ಬೂತಾಯಿ!" ಹುಡುಗಿಯರು ಬಾಯಿಗೆ ಕೈಯಿಟ್ಟು ನಕ್ಕರು. ಓಣಂ ಊಟದಲ್ಲಿ ಹೇಳಿದ್ದ, ಯಾರದೋ ಮದುವೆಯಲ್ಲಿ ಹೇಳಿದ್ದ, ಸಾಮಾನು ತರುವ ಟೆಂಪೋದವನಿಗೂ ಹೇಳಿದ್ದ. ಪ್ರತಿ ಸಲ ಢಂ ಎನ್ನುವಾಗ ಅವಳಿಗೆ, ಈ ಮನುಷ್ಯನಿಗೆ ತಾನು ಸಾಯಬೇಕಾಗಿದ್ದವನು ಎಂಬುದೇ ತಲೆಗೆ ಹೋಗಿಲ್ಲವೇ ಎಂದು ಅವನ ಮೇಲೆ ಸಿಟ್ಟು ಬರುತ್ತಿತ್ತು. ಆ ಸಿಟ್ಟಿಗಾಗಿ ಮತ್ತೆ ತನ್ನ ಮೇಲೆ ಅಸಹ್ಯವಾಗುತ್ತಿತ್ತು. ಅವಳನ್ನು ಕಂಡ ಕ್ಲಾರೆನ್ಸ್ ನಗು ನಿಲ್ಲಿಸದೆಯೇ ಇಳಿದು ಬಂದ. "ನಾನು ಓಡಿಸ್ತೇನೆ ಮೇಡಂ, ನೀವು ಮಗುವನ್ನು ಹಿಡಿದುಕೊಳ್ಳಿ" ಎಂದು ಹೊಸ ಚಕ್ರವಿದ್ದ ಮರದ ಪೆಟ್ಟಿಗೆಯನ್ನು ಅವಳ ತೊಡೆಯ ಮೇಲಿಟ್ಟ.

ಪರ್ಕಳದ ಇಳಿಜಾರು, ಹಿರಿಯಡ್ಕ, ಪೆರ್ಡೂರಿಗೆ ತಿರುಗುವ ರಸ್ತೆ, ಬೈಲೂರು. ಕ್ಲಾರೆನ್ಸ್ ಒಂದೇ ಸಮನೆ ಮಾತಾಡುತ್ತಿದ್ದ. ಉದ್ಯಾವರದಲ್ಲಿ ಅವರ ಮನೆಯ ಹತ್ತಿರ ಹೊಸ ಅಂಗಡಿ ಆದದ್ದು, ಹೆಂಡತಿ ಆನ್ಸಿಲ್ಲಾ ಯೂಟ್ಯೂಬ್ ನೋಡಿ ಕೇಕ್ ಸುಟ್ಟದ್ದು, ತಾಯಿ ಅಪೊಲೋನಿಯಾಬಾಯಿಗೆ ಈಗ ಕಿವಿ ಮಂದವಾಗಿ ಫೋನಿನಲ್ಲಿ ಇಡೀ ಊರಿಗೆ ಕೇಳುವಂತೆ ಮಾತಾಡುವುದು. ಸುಭಾಷಿಣಿ ಹೂಂ ಎನ್ನುತ್ತ ಪೆಟ್ಟಿಗೆಯ ಮೇಲೆ ಎರಡೂ ಕೈಯಿಟ್ಟು ಕುಳಿತಿದ್ದಳು. ಚಕ್ರ ಒಡೆಯದಂತೆ ಮಾಡಲು ಸಾಧ್ಯವಿಲ್ಲ. ಕೊಂಡಿ ಮುರಿದರೆ ಅದು ಓಡಿಯೇ ಓಡುತ್ತದೆ, ಓಡಿದರೆ ಎಲ್ಲಾದರೊಂದು ಕಡೆ ಒಡೆಯುತ್ತದೆ. ನಡುಭಾಗ ಸೀಳಿದರೆ ಆ ಭಾರದ ತುಂಡನ್ನು ತಡೆಯುವ ಬಳೆಯನ್ನು ಯಾವ ವಿಮಾನವೂ ಹೊರಲಾರದು. ಹಾಗಾದರೆ ನಡುಭಾಗಕ್ಕಿಂತ ಮೊದಲು ಬೇರೇನಾದರೂ ಒಡೆಯಲಿ. ಐದು ತಿಂಗಳು ಅವಳು ಮಾಡಿದ್ದು ಇದೊಂದೇ. ಪ್ರತಿ ಬ್ಲೇಡಿನ ಕುತ್ತಿಗೆಯನ್ನು ಚೂರೇ ಚೂರು ತೆಳುಮಾಡಿ, ಚಕ್ರ ಮಿತಿ ಮೀರಿದೊಡನೆ ಬ್ಲೇಡುಗಳು ಉದುರಿಹೋಗುವಂತೆ ಮಾಡಿದ್ದಳು. ಬ್ಲೇಡಿಲ್ಲದ ಚಕ್ರವನ್ನು ಅನಿಲ ತಿರುಗಿಸಲಾರದು. ಉದುರಿದ ಸಣ್ಣ ಬ್ಲೇಡುಗಳನ್ನು ಬಳೆ ತಡೆದೀತು. ಇವತ್ತು ಬೇಕೆಂದೇ ಕೊಂಡಿ ತೆಗೆದು ಚಕ್ರವನ್ನು ಓಡಲು ಬಿಟ್ಟು ನೋಡುವುದಿತ್ತು. ತಾನೇ ಸಾಕಿದ್ದನ್ನು ತಾನೇ ಒಡೆಯಲು ಒಯ್ಯುತ್ತಿದ್ದೇನೆ ಎಂಬ ಯೋಚನೆಗಿಂತ, ಪಕ್ಕದಲ್ಲಿ ಸ್ಟಿಯರಿಂಗ್ ಹಿಡಿದ ಈ ಮನುಷ್ಯ ಒಂದು ಸಲ, ಒಂದೇ ಒಂದು ಸಲ, ನಿಮ್ಮಿಂದ ನಾನು ಸಾಯುತ್ತಿದ್ದೆ ಎಂದು ಹೇಳಿಬಿಡಲಿ ಎಂಬ ಆಸೆ ಅವಳಲ್ಲಿ ದೊಡ್ಡದಾಗಿತ್ತು. ಕ್ಲಾರೆನ್ಸ್ ಕೇಕಿನ ಕಥೆಯನ್ನು ಎರಡನೆಯ ಸಲ ಶುರುಮಾಡಿದ್ದ.

ಕೆಲಸ ನಿಂತ ಕಲ್ಲುಕೋರೆಯ ತಳದಲ್ಲಿ, ಬಂಡೆಗೆ ಬೆನ್ನು ಕೊಟ್ಟ ಶೆಡ್ಡು. ಪಕ್ಕದಲ್ಲಿ ಈಗ ದಪ್ಪ ಕಾಂಕ್ರೀಟಿನ ಹೊಸ ಕೋಣೆ. ಬೆಂಗಳೂರಿನ ಮೂವರು ಬಿಳಿ ಹೆಲ್ಮೆಟ್ ಹಾಕಿಕೊಂಡು ಎಳನೀರು ಕುಡಿಯುತ್ತಿದ್ದರು. ಜನಾರ್ದನ ಸರ್ ಅವಳನ್ನು ಹತ್ತಿರ ಕರೆದು, "ಇವರೇ ನಮ್ಮ ಸುಭಾಷಿಣಿ. ಸ್ವಲ್ಪ ಹೆದರಿಕೆ ಜಾಸ್ತಿ ಇವರಿಗೆ. ಆದರೆ ನೋಡಿ, ಆ ಹೆದರಿಕೆಯಿಂದಲೇ ಈ ಡಿಸೈನ್ ಹುಟ್ಟಿದ್ದು" ಎಂದರು. ಮೂವರೂ ಮೆಚ್ಚುಗೆಯಿಂದಲೇ ನಕ್ಕರು. ಅವಳೂ ನಕ್ಕಳು. ನಕ್ಕದ್ದು ಹೆಚ್ಚಾಯಿತೇನೋ ಎನ್ನಿಸಿ ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡುವ ನೆಪದಲ್ಲಿ ಮುಖ ಆಚೆ ತಿರುಗಿಸಿದಳು. ಶೆಡ್ಡಿನ ಕೆಲಸದ ಭೋಜ ಅವಳಿಗೂ ಒಂದು ಎಳನೀರು ತಂದುಕೊಟ್ಟ. ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಒಳಗೆ ಹೋದಳು.

ಕೋಣೆಯೊಳಗೆ ಪರದೆಯ ಎದುರು ಎಲ್ಲರೂ ಒತ್ತೊತ್ತಿ ನಿಂತರು. ಗುಂಡಿಗಳ ಎದುರಿನ ಹೊಸ ಕುರ್ಚಿಯಲ್ಲಿ ಕ್ಲಾರೆನ್ಸ್ ಕುಳಿತಿದ್ದ. ಅವಳು ಅವನ ಬೆನ್ನ ಹಿಂದೆಯೇ ಇದ್ದರೂ ಅವನನ್ನು ನೋಡಲಿಲ್ಲ. ಪರದೆಯ ಮೂಲೆಯಲ್ಲಿ ವೇಗ ತೋರಿಸುವ ಅಂಕಿಯನ್ನೇ ನೋಡುತ್ತಿದ್ದಳು. "ಶುರು ಮಾಡುವಾ?" ಎಂದರು ಜನಾರ್ದನ ಸರ್. ಕ್ಲಾರೆನ್ಸ್ ಗುಂಡಿ ಒತ್ತಿದ. ಶೆಡ್ಡಿನೊಳಗೆ ಬುಸ್ ಎಂದು ಹೊತ್ತಿಕೊಂಡ ಸದ್ದು ಕಾಂಕ್ರೀಟಿನ ಮೂಲಕ ಕಾಲಿಗೆ ಬಂತು, ಆಮೇಲೆ ಕಿವಿಗೆ, ಆಮೇಲೆ ಹಲ್ಲಿಗೆ. ಅಂಕಿ ಏರಿತು. ಸದ್ದು ಏರಿತು. ಜೂನಿನಲ್ಲಿ ಸೀಳಿದ ವೇಗ ಹತ್ತಿರವಾದಂತೆ, ಉದುರಿ, ಉದುರಿಬಿಡಿ ಎಂದು ಅವಳು ತುಟಿಯೊಳಗೇ ಬೇಡಿಕೊಳ್ಳುತ್ತಿದ್ದಳು. ಬ್ಲೇಡುಗಳು ಉದುರಲಿಲ್ಲ. ಕುತ್ತಿಗೆಯನ್ನು ಇನ್ನೂ ತೆಳುಮಾಡಬೇಕಿತ್ತು, ತಪ್ಪಿದೆ, ಮತ್ತೆ ತಪ್ಪಿದೆ ಎಂದು ಅವಳಿಗೆ ಖಚಿತವಾದ ಗಳಿಗೆಯಲ್ಲಿ ತಗಡಿನ ಮೇಲೆ ಬುಟ್ಟಿ ತುಂಬ ಜಲ್ಲಿ ಸುರಿದಂತೆ ಒಂದು ಸದ್ದಾಯಿತು. ಅಷ್ಟೇ. ಅಂಕಿ ಕುಸಿಯಿತು. ಪರದೆಯಲ್ಲಿ ಹೊಗೆ. ಹೊಗೆ ತಿಳಿಯಾದ ಮೇಲೆ ಹೊರಕವಚ ಇಟ್ಟಲ್ಲೇ ಇಡಿಯಾಗಿ ನಿಂತಿತ್ತು.

ಚಪ್ಪಾಳೆ. ಯಾರೋ ಅವಳ ಕೈ ಕುಲುಕಿದರು, ಇನ್ನೊಂದು ಕೈಯಲ್ಲಿ ಎಳನೀರು ಇನ್ನೂ ಇತ್ತು. ಕವಚ ತಣಿದ ಮೇಲೆ ಕ್ಲಾರೆನ್ಸನೂ ಭೋಜನೂ ಬಿಚ್ಚಿದರು. ಬಳೆ ಒಂದು ಕಡೆ ಸ್ವಲ್ಪ ಉಬ್ಬಿತ್ತು, ಹರಿದಿರಲಿಲ್ಲ. ಬ್ಲೇಡುಗಳೆಲ್ಲ ಬಳೆಯೊಳಗೇ ಮುದುಡಿ ಬಿದ್ದಿದ್ದವು. ಬೋಳಾದ ಚಕ್ರದ ನಡುಭಾಗ ಕೂದಲೆಳೆಯ ಬಿರುಕೂ ಇಲ್ಲದೆ ಹೊಳೆಯುತ್ತಿತ್ತು. ಅವಳು ಅದನ್ನು ಕೈಗವಸಿನಲ್ಲಿ ಎತ್ತಿ ಹಿಡಿದಳು. ಸಂತೋಷ ಬರುತ್ತದೆಂದು ಕಾದಳು. ಬಂದದ್ದು ಹಸಿವಿನಂಥ ಒಂದು ಖಾಲಿತನ. ಇನ್ನೇನು ಬೇಕಿತ್ತು ಎಂದು ಕೇಳಿಕೊಂಡರೆ ಉತ್ತರ ನಾಚಿಕೆಯಾಗುವಷ್ಟು ಸ್ಪಷ್ಟವಾಗಿತ್ತು: ಕ್ಲಾರೆನ್ಸ್ ಬಂದು, ಈಗ ಸರಿಯಾಯಿತು ಮೇಡಂ, ಎನ್ನಬೇಕಿತ್ತು. ತಲೆಯೆತ್ತಿ ನೋಡಿದರೆ ಅವನು ಅಲ್ಲಿರಲಿಲ್ಲ.

ಶೆಡ್ಡಿನ ಆಚೆ ಬದಿಯಲ್ಲಿ ಕೋರೆಯ ಹೊಂಡದಲ್ಲಿ ನೀರು ಹಸಿರಾಗಿ ನಿಂತಿತ್ತು. ಅದರ ಅಂಚಿನಲ್ಲಿ ಕ್ಲಾರೆನ್ಸ್ ಕುಕ್ಕರುಗಾಲಿನಲ್ಲಿ ಕುಳಿತು ಬೊಗಸೆಯಿಂದ ಮುಖಕ್ಕೆ ನೀರೆರಚಿಕೊಳ್ಳುತ್ತಿದ್ದ. ಪಕ್ಕದ ಕಲ್ಲಿನ ಮೇಲೆ ಅವನು ವಾಂತಿ ಮಾಡಿಕೊಂಡಿದ್ದ. ಅಂಗಿ ಬೆನ್ನಿಗೆ ಅಂಟಿತ್ತು.

"ಕ್ಲಾರೆನ್ಸ್, ಎಂತಾಯ್ತು? ಹುಷಾರಿಲ್ವಾ?"

"ಎಂತ ಇಲ್ಲ ಮೇಡಂ. ನೀವು ಹೋಗಿ. ಸರ್ ಫೋಟೋ ತೆಗೀಲಿಕ್ಕೆ ಕರೀತಾ ಇದ್ದಾರೆ."

"ಎಲ್ಲ ಸರಿಯಾಯ್ತಲ್ಲ" ಎಂದಳು. "ಯಾರಿಗೂ ಏನೂ ಆಗಲಿಲ್ಲ."

ಮಾತು ಬಾಯಿಂದ ಬಿದ್ದ ಮೇಲೆ ಅದು ಯಾರ ಮಾತೆಂದು ಅವಳಿಗೆ ಗೊತ್ತಾಯಿತು. ಕ್ಲಾರೆನ್ಸ್ ತಿರುಗಿ ನೋಡಿದ. ಒದ್ದೆ ಮುಖದಲ್ಲಿ ನಗು ಇರಲಿಲ್ಲ. ನಗುವಿಲ್ಲದ ಅವನ ಮುಖವನ್ನು ತಾನು ಇದೇ ಮೊದಲು ನೋಡುತ್ತಿರುವುದು ಎಂದು ಅವಳಿಗೆ ಅನ್ನಿಸಿತು.

"ನನಗೆ ಆಗಿದೆ ಮೇಡಂ" ಎಂದ. "ಜೂನಿನಿಂದ ಆಗ್ತಾ ಉಂಟು. ಕಣ್ಣು ಮುಚ್ಚಿದರೆ ಆ ಸದ್ದು ಏರ್ತದೆ. ಆನ್ಸಿಲ್ಲಾ ಫ್ಯಾನ್ ಜೋರು ಮಾಡಿದರೆ ಎದ್ದು ಆಫ್ ಮಾಡ್ತೇನೆ. ಸೆಕೆಯಲ್ಲಿ ಪಾಪ ಅವಳಿಗೂ ನಿದ್ರೆ ಇಲ್ಲ. ಇಗರ್ಜಿಯಲ್ಲಿ ಕಂಬದ ಹಿಂದೆ ಕೂರ್ತೇನೆ. ಯಾಕೆ ಅಂತ ಪಾದ್ರಿಯವರೇ ಕೇಳಿದರು. ಎಂತ ಹೇಳುವುದು?"

"ಮತ್ತೆ ಆ ಬೂತಾಯಿಯ ಕಥೆ... ಎಲ್ಲರ ಹತ್ತಿರ ನಗ್ತಾ ಹೇಳ್ತೀರಲ್ಲ?"

"ಅದು ನಿಮಗೋಸ್ಕರ ಶುರುವಾದದ್ದು. ಮರುದಿನ ನೀವು ಶೆಡ್ಡಿಗೆ ಬಂದು ಆ ಕುರ್ಚಿ ನೋಡಿ ನಿಂತದ್ದು ನೆನಪುಂಟಾ? ಸತ್ತವರ ಮುಖ. ನನಗೆ ಹೆದರಿಕೆಯಾಯ್ತು, ಇವರೆಂತಾದರೂ ಮಾಡಿಕೊಳ್ತಾರೋ ಅಂತ. ಸ್ವಲ್ಪ ನಗಿಸುವಾ ಅಂತ ಹೇಳಿದೆ. ನೀವು ನಗಲಿಲ್ಲ. ಬೇರೆಯವರು ನಕ್ಕರು. ಮತ್ತೆ ಅದನ್ನು ನಿಲ್ಲಿಸಲಿಕ್ಕೇ ಆಗಲಿಲ್ಲ."

"ನನ್ನ ಹತ್ತಿರ ಹೇಳಬಹುದಿತ್ತು."

"ಯಾವಾಗ ಹೇಳುವುದು ಮೇಡಂ? ನನ್ನನ್ನು ಕಂಡ ಕೂಡಲೇ ನೀವು ಆ ಮುಖ ಮಾಡ್ತೀರಿ. ಒಂದು ಸಲ ಆದರೂ ಕೇಳಿದ್ದುಂಟಾ, ಕ್ಲಾರೆನ್ಸ್, ನಿಮಗೆ ಹೇಗುಂಟು ಅಂತ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಬಸ್ಸಿನಲ್ಲಿ ಸೀಟು ಹಿಡಿದ ಹಾಗೆ ನೀವು ಮೊದಲೇ ಹೆದರಿ ಕೂತುಬಿಟ್ಟಿರಿ. ಮತ್ತೆ ನಾನು ಎಲ್ಲಿ ಹೆದರುವುದು?"

ಅವಳ ಮುಖ ಬಿಸಿಯಾಯಿತು. ಐದು ತಿಂಗಳು ಅವಳು ಕಾದಿದ್ದು ಒಂದು ಆರೋಪಕ್ಕೆ. ಅದು ಬಂದಾಗ ಅವಳು ಸಿದ್ಧವಾಗಿದ್ದ ಕಡೆಯಿಂದ ಬರಲಿಲ್ಲ. ಬಳೆಯ ದಪ್ಪದ ಬಗ್ಗೆ, ತೂಕದ ಬಗ್ಗೆ ಅವಳಲ್ಲಿ ಉತ್ತರಗಳಿದ್ದವು. ಕ್ಷಮೆ ಕೇಳುವ ಮಾತುಗಳನ್ನು ಸ್ನಾನದ ಮನೆಯಲ್ಲಿ ಎಷ್ಟೋ ಸಲ ಹೇಳಿ ನೋಡಿದ್ದಳು. ಅವೆಲ್ಲ ತನ್ನ ಬಗ್ಗೆಯೇ ಇದ್ದವು. ಈಗಲೂ ತನ್ನ ಹುಬ್ಬು ಗಂಟಿಕ್ಕುತ್ತಿರುವುದು, ತುಟಿ ಕೆಳಗೆ ಬಾಗುತ್ತಿರುವುದು ಅವಳಿಗೆ ತಿಳಿಯುತ್ತಿತ್ತು. ಇದೇ ಆ ಮುಖ. ಇದನ್ನು ಎಲ್ಲಿಡುವುದು? ಅವಳು ನೀರಿನ ಕಡೆ ತಿರುಗಿ ನಿಂತಳು. ತಪ್ಪಾಯಿತು ಎಂದರೆ, ಪರವಾಗಿಲ್ಲ ಮೇಡಂ, ಎಂದು ಸಮಾಧಾನ ಹೇಳುವ ಕೆಲಸ ಮತ್ತೆ ಅವನ ತಲೆಗೇ ಬೀಳುತ್ತದೆ. ಆದ್ದರಿಂದ ಅದನ್ನು ನುಂಗಿಕೊಂಡಳು. ಶೆಡ್ಡಿನ ಕಡೆಯಿಂದ ಜನಾರ್ದನ ಸರ್ ಯಾರನ್ನೋ ಕೂಗುತ್ತಿದ್ದರು.

"ಊಟ ಮಾಡ್ತೀರಾ?" ಎಂದಳು.

"ಹೊಟ್ಟೆಗೆ ಸೇರುವುದಿಲ್ಲ."

"ಮನೆಗೆ ಹೋಗುವಾ?"

ಅವನು ಅವಳನ್ನು ನೋಡಿದ. "ಮುಂದಿನ ಸಲ ಆ ಗುಂಡಿ ಬೇರೆ ಯಾರಾದರೂ ಒತ್ತಲಿ ಮೇಡಂ. ನನ್ನಿಂದ ಆಗುವುದಿಲ್ಲ."

"ಆಯ್ತು" ಎಂದಳು. ಯಾಕೆ ಎಂದು ಕೇಳಲಿಲ್ಲ.

ಶೆಡ್ಡಿನ ಮುಂದೆ ಶಾಮಿಯಾನದ ಕೆಳಗೆ ಬಿರಿಯಾನಿ ಬಡಿಸಿದ್ದರು. ಜನಾರ್ದನ ಸರ್ ಗೆಲುವಿನಲ್ಲಿದ್ದರು. "ಬಾ ಬಾ ಕ್ಲಾರೆನ್ಸ್, ಎಲ್ಲಿಗೆ ಹೋದೆ ಮಾರಾಯ? ಇವರಿಗೆ ನಿನ್ನ ಬೂತಾಯಿ ಕಥೆ ಹೇಳು. ಸರ್, ನೀವು ಇದನ್ನು ಇವನ ಬಾಯಿಯಲ್ಲೇ ಕೇಳಬೇಕು." ಬೆಂಗಳೂರಿನವರು ತಟ್ಟೆಯಿಂದ ತಲೆಯೆತ್ತಿದರು. ಕ್ಲಾರೆನ್ಸನ ಮುಖದಲ್ಲಿ ನಗು ಒಂದೊಂದೇ ಕಡೆಯಿಂದ ಕೂಡಿಕೊಳ್ಳುವುದನ್ನು, ಮೊದಲು ಕೆನ್ನೆ, ಆಮೇಲೆ ಹಲ್ಲು, ಕಣ್ಣಿಗೆ ಮಾತ್ರ ಅದು ಮುಟ್ಟದಿರುವುದನ್ನು ಸುಭಾಷಿಣಿ ನೋಡಿದಳು. ಅವನ ಬಲಗೈ ಎಂದಿನಂತೆ ಗಾಳಿಗೆ ಎದ್ದಿತ್ತು.

"ಬೇಡ ಸರ್" ಎಂದಳು. "ಅದು ತಮಾಷೆಯ ಕಥೆ ಅಲ್ಲ."

ಜನಾರ್ದನ ಸರ್ ನಗುತ್ತಲೇ ಇದ್ದರು. ಕಿವಿ ಮಾತ್ರ ಕೆಂಪಾಯಿತು. "ಅಯ್ಯೋ, ಅವನೇ ಹೇಳುವುದಲ್ವಾ?"

"ಕ್ಲಾರೆನ್ಸ್‌ಗೆ ಹುಷಾರಿಲ್ಲ. ನಾವು ಹೊರಡ್ತೇವೆ."

"ಭೋಜ ಬಿಟ್ಟು ಬರ್ತಾನೆ. ನೀವು ಎಲ್ಲಿಗೆ? ಊಟ ಆದ ಮೇಲೆ ಮುಂದಿನ ಹಂತದ ಮಾತುಕತೆ ಉಂಟು. ಇವರು ಬಂದದ್ದೇ ಅದಕ್ಕೆ." ಆಮೇಲೆ ದನಿ ತಗ್ಗಿಸಿ, "ಯಾರು ಮುಂದೆ ನಡೆಸುವುದು ಅಂತ ಇವತ್ತೇ ತೀರ್ಮಾನ ಆಗ್ತದೆ ಸುಭಾಷಿಣಿ. ನೀವಿಲ್ಲದೆ ಹೋದರೆ ನಾನು ಬೇರೆಯವರ ಹೆಸರು ಹೇಳಬೇಕಾಗ್ತದೆ" ಎಂದರು.

ಅವರು ಹೆದರಿಸುತ್ತಿರಲಿಲ್ಲ, ಇದ್ದದ್ದನ್ನೇ ಹೇಳುತ್ತಿದ್ದರು. ಬೋಳು ಚಕ್ರ ಮೇಜಿನ ಮೇಲೆ ಬಿಳಿ ಬಟ್ಟೆಯಲ್ಲಿ ಕುಳಿತಿತ್ತು. ಅದರ ಪಕ್ಕದಲ್ಲಿ ತಾನು ನಿಂತು ಮಾತಾಡಬೇಕಾದ ಮಾತುಗಳು ಅವಳ ನಾಲಗೆಯ ಮೇಲೆಯೇ ಇದ್ದವು. "ಬೇರೆಯವರ ಹೆಸರೇ ಹೇಳಿ ಸರ್" ಎಂದಳು. "ನಾನೇ ಬಿಟ್ಟು ಬರಬೇಕು." ಮೂವರು ಅತಿಥಿಗಳೂ ಒಟ್ಟಿಗೇ ಬಿರಿಯಾನಿಯ ಕಡೆ ನೋಡತೊಡಗಿದರು. ಮಣ್ಣಿನ ದಾರಿ ಹತ್ತುವಾಗ, ಮಾಡಿದ್ದು ಸರಿಯೋ ತಪ್ಪೋ ಎಂಬ ಲೆಕ್ಕ ಆಗಲೇ ತಲೆಯೊಳಗೆ ಶುರುವಾಗಿತ್ತು. ಇದೂ ತನ್ನ ಪಾಪ ತೊಳೆದುಕೊಳ್ಳುವ ಉಪಾಯವೇ ಇರಬಹುದು ಎಂದೂ ಅನ್ನಿಸಿತು. ಇರಲಿ ಎಂದುಕೊಂಡು ಕಾರಿನ ಬಾಗಿಲು ತೆಗೆದು ಈ ಸಲ ತಾನೇ ಸ್ಟಿಯರಿಂಗಿನ ಎದುರು ಕುಳಿತಳು.

ಉದ್ಯಾವರಕ್ಕೆ ಹೋಗುವುದಾದ್ದರಿಂದ ಬೆಳ್ಮಣ್ಣಿನ ದಾರಿ ಹಿಡಿದಳು. "ಈಗ ಹೇಗುಂಟು?" ಎಂದು ಕೇಳಿದಳು. ಕ್ಲಾರೆನ್ಸ್ ಸ್ವಲ್ಪ ಯೋಚಿಸಿ, "ಕೈ ನಡುಗುವುದು ನಿಂತಿದೆ" ಎಂದ. ಆಮೇಲೆ, ಕೇಳದೆಯೇ, ಆ ದಿನದ ಬಗ್ಗೆ ಹೇಳಿದ. ಅಮ್ಮ ಫೋನು ಮಾಡಿದ್ದು ನಿಜವೇ. ಆದರೆ ಬೂತಾಯಿ ಅಂತ ಅವನು ಹೇಳಿರಲೇ ಇಲ್ಲ. ಹೇಳುವ ಮೊದಲೇ ಸದ್ದಾಯಿತು, ಫೋನು ಕೆಳಗೆ ಬಿತ್ತು. ನೆಲದಿಂದ ಅಮ್ಮನ ದನಿ, ಪುತಾ, ಪುತಾ ಎಂದು ಮಗನನ್ನು ಕರೆಯುತ್ತಿತ್ತು, ಬಗ್ಗಿ ಎತ್ತಿಕೊಳ್ಳಲು ಅವನಿಂದ ಆಗಲಿಲ್ಲ. ಅವಳು ರಸ್ತೆ ನೋಡುತ್ತ ಕೇಳಿದಳು. ಮುಖ ಹೇಗಿತ್ತೋ ಅವಳಿಗೆ ತಿಳಿಯಲಿಲ್ಲ. ಬೆಳ್ಮಣ್ಣು ದಾಟುವಷ್ಟರಲ್ಲಿ ಅವನ ಮಾತು ತೊದಲಿತು, ತಲೆ ಕಿಟಕಿಗೆ ವಾಲಿತು, ಬಾಯಿ ಸ್ವಲ್ಪ ತೆರೆಯಿತು.

ಪಡುಬಿದ್ರಿಯಲ್ಲಿ ಹೆದ್ದಾರಿ ಸೇರುವಾಗ ಲಾರಿಯೊಂದು ಹಾರ್ನ್ ಹೊಡೆಯಿತು, ಅವನು ಏಳಲಿಲ್ಲ. ಕಾಪು ಬಂತು, ಅವಳ ಮನೆಯ ತಿರುವು ಹೋಯಿತು. ಉದ್ಯಾವರ ಹತ್ತಿರವಾದಾಗ ವೇಗ ಇಳಿಸಿದಳು. ಎಂಜಿನ್ನಿನ ಸದ್ದು ತಗ್ಗಿದೊಡನೆ ಅವನ ರೆಪ್ಪೆ ಅದುರಿತು, ಬೆರಳುಗಳು ತೊಡೆಯ ಮೇಲೆ ಏನನ್ನೋ ಹುಡುಕಿದವು. ಅವಳು ಮೆಲ್ಲಗೆ ಮತ್ತೆ ಮೊದಲಿನ ವೇಗಕ್ಕೆ ಬಂದಳು. ಬೆರಳು ಸುಮ್ಮನಾದವು. ಅವನ ಮನೆಗೆ ಇಳಿಯುವ ರಸ್ತೆ, ಹೊಸ ಅಂಗಡಿಯ ಬೋರ್ಡು, ಎಲ್ಲ ಹಿಂದೆ ಸರಿಯಿತು. ಉಡುಪಿಯ ಜಂಕ್ಷನ್ನು, ಸಂತೆಕಟ್ಟೆ. ಅವಳು ಏರಿಸಲೂ ಇಲ್ಲ, ಇಳಿಸಲೂ ಇಲ್ಲ.

ಬ್ರಹ್ಮಾವರದ ಹತ್ತಿರ ಯಾರೋ ಅಡ್ಡ ಬಂದು ಬ್ರೇಕ್ ಹಾಕಬೇಕಾಯಿತು. ಕ್ಲಾರೆನ್ಸ್ ಕಣ್ಣು ಬಿಟ್ಟ.

"ಎಲ್ಲಿ ಮುಟ್ಟಿದೆವು ಮೇಡಂ?"

"ಬ್ರಹ್ಮಾವರ."

"ಬ್ರಹ್ಮಾವರವಾ? ಉದ್ಯಾವರ ಹಿಂದೆ ಹೋಯ್ತಲ್ಲ!"

"ಹೋಯ್ತು" ಎಂದಳು. "ಇನ್ನೂ ಸ್ವಲ್ಪ ಮಲಗಿ. ಆನ್ಸಿಲ್ಲಾಗೆ ನಾನು ಹೇಳ್ತೇನೆ."

ಅವನು ಅವಳನ್ನು ಕೊಂಚ ಹೊತ್ತು ನೋಡಿದ, ರಸ್ತೆಯನ್ನು ನೋಡಿದ. ಆಮೇಲೆ ಬದಿಗೆ ಕೈ ಹಾಕಿ, ಸೀಟನ್ನು ಹಿಂದಕ್ಕೆ ಒರಗಿಸಿ, ಕಣ್ಣು ಮುಚ್ಚಿದ.